ತಲೆಯಾಡಿಸಿ ಕಳೆದುಕೊಂಡ ಡಾಂಬರಿನ ಕುರಿತು

ಪ್ರಾಂತೀಯ ರಸ್ತೆ ನಿಧಿ ಹಂಚಿಕೆ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಮಗೂ ತಮ್ಮ ಕುಟುಂಬಕ್ಕೂ, ಮುಖ್ಯವಾಗಿ ತಮ್ಮ ಸೊಂಟಕ್ಕೂ ಆರೋಗ್ಯ ಕೋರುತ್ತ, ರೋಡೋಪಿ ಬೆಟ್ಟದ ಗೋರ್ನಾ ಕ್ರುಶಾ ಗ್ರಾಮದ ಕಿರಾಣಿ ಅಂಗಡಿಯ ದೋನ್ಕಾ ಮಾಡುವ ವಿಜ್ಞಾಪನೆ. ಪಟ್ಟಣದ ವರ್ತುಲ ರಸ್ತೆಗೆ ಈ ವರ್ಷವೂ ಹೊಸ ಡಾಂಬರು ಹಾಕಿಸಿದ್ದೀರೆಂದು ತಿಳಿದು ಬಹಳ ಸಂತೋಷವಾಯಿತು. ಹೋದ ವರ್ಷದ ಡಾಂಬರು, ಪಾಪ, ಇನ್ನೂ ಕಣ್ಣೇ ಬಿಟ್ಟಿರಲಿಲ್ಲ.

ನಮ್ಮ ಪಾಲೂ ಅಲ್ಲಿಗೇ ಹೋದದ್ದು ಹೇಗೆಂದು ಈಗ ತಿಳಿಯಿತು. ವಸಂತದಲ್ಲಿ ತಾವು ಕಳುಹಿಸಿದ್ದ ಸಮೀಕ್ಷಕರು, ಜರ್ಮನಿಯಲ್ಲಿ ಬಹುಕಾಲ ಓದಿ ಬಂದ ಸುಸಂಸ್ಕೃತ ತರುಣರು, ನಮ್ಮ ಚೌಕದಲ್ಲಿ ನಿಂತು "ನಿಮ್ಮ ರಸ್ತೆ ಚೆನ್ನಾಗಿದೆಯಾ?" ಎಂದು ಕೇಳಿದರು. ಅವರ ಗೌರವಾರ್ಥ ನಾನು ಬೇಯಿಸಿದ್ದ ಚೀಸ್ ರೊಟ್ಟಿ ಎಲ್ಲರ ಬಾಯಲ್ಲೂ ತುಂಬಿದ್ದುದರಿಂದ, ಊರಿಗೆ ಊರೇ ತಲೆಯನ್ನು ಮೇಲೆ ಕೆಳಗೆ ಆಡಿಸಿತು. ಬಲ್ಗೇರಿಯಾದಲ್ಲಿ ಹಾಗೆ ಆಡಿಸಿದರೆ ಇಲ್ಲವೆಂದೂ ಅಡ್ಡಡ್ಡ ಆಡಿಸಿದರೆ ಹೌದೆಂದೂ ತೊಟ್ಟಿಲ ಕೂಸಿಗೂ ಗೊತ್ತು. ಅವರಿಗೆ ಮಾತ್ರ ಮರೆತುಹೋಗಿತ್ತು. ರಸ್ತೆ ಉತ್ತಮವಾಗಿದೆ ಎಂದು ಬರೆದುಕೊಂಡು, ದುರಸ್ತಿ ಬೇಕೇ ಎಂದರು. ನಾವು ಇನ್ನೂ ಹುಮ್ಮಸ್ಸಿನಿಂದ ಅಡ್ಡಡ್ಡ ಆಡಿಸಿದೆವು. ಇಷ್ಟು ತೃಪ್ತ ಜನರನ್ನು ಎಲ್ಲೂ ಕಂಡಿಲ್ಲವೆಂದು ಎಲ್ಲರ ಕೈಕುಲುಕಿ ಹೋದರು.

ಇದನ್ನು ತಿದ್ದಿಸಲು ತಮ್ಮ ಕಚೇರಿಗೆ ಬಂದಾಗ ಕಿಟಕಿಯ ಹಿಂದಿದ್ದ ಮೇಡಂ, "ಅಜ್ಜಿ, ದುಡ್ಡು ತಲೆ ಎಣಿಸಿ ಕೊಡೋದು. ಪಟ್ಟಣದಲ್ಲಿ ತಲೆ ಜಾಸ್ತಿ. ನಿಮ್ಮೂರಲ್ಲೂ ಹೆಚ್ಚಿಸ್ಕೊಂಡು ಬನ್ನಿ," ಎಂದರು. ನ್ಯಾಯವಾದ ಮಾತು. ನನ್ನ ಸೊಸೆ ನೆವೆನಾ ಆ ಕೆಲಸದಲ್ಲೇ ಇದ್ದಾಳೆ, ತುಂಬು ಬಸುರಿ. ಆದರೆ ಕೆಳಗಿನ ಸೇತುವೆ ದಾಟಿ ಬರಲು ಆಂಬುಲೆನ್ಸ್ ಚಾಲಕ ಒಲ್ಲೆ ಎನ್ನುತ್ತಾನೆ. "ದೋನ್ಕಾ ಅತ್ತೆ, ಆ ಹೊಂಡಗಳಲ್ಲಿ ಬಂದ್ರೆ ಮೊದಲು ನನ್ನ ಗಾಡಿಗೇ ಹೆರಿಗೆ ಆಗುತ್ತೆ," ಎಂದ. ನಕ್ಕೆ. ಆದರೂ ಭಯವಾಗುತ್ತಿದೆ ಮಾನ್ಯರೇ. ಇದು ಅವಳ ಚೊಚ್ಚಲು, ರಕ್ತದೊತ್ತಡ ಬೇರೆ ಏರಿದೆ.

ಆದ್ದರಿಂದ ದಯವಿಟ್ಟು ತಲೆಗಳ ಜೊತೆಗೆ ರಸ್ತೆಯ ಉದ್ದವನ್ನೂ ಒಂದಿಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ಕಷ್ಟವಾದರೆ ಪಟ್ಟಣದಲ್ಲಿ ಕಿತ್ತುಹಾಕಿದ ಡಾಂಬರನ್ನೇ ಚಾಪೆಯಂತೆ ಸುತ್ತಿ ಕಳುಹಿಸಿ, ನಾವೇ ಹಾಸಿಕೊಳ್ಳುತ್ತೇವೆ. ಅದೂ ಆಗದಿದ್ದರೆ, ಮುಂದಿನ ಹಂಚಿಕೆಯವರೆಗೆ ಹೊರಗೆ ಬರಕೂಡದೆಂದು ಕೂಸಿಗೆ ಒಂದು ಆದೇಶ ಹೊರಡಿಸಿ. ತಮ್ಮ ಸಹಿ ಕಂಡರೆ ಎಂಥ ಕೆಲಸವೂ ನಿಲ್ಲುತ್ತದೆಂದು ಕೇಳಿದ್ದೇನೆ.

ನಮ್ಮೂರ ಹೊಂಡಗಳಷ್ಟೇ ಆಳವಾದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ದೋನ್ಕಾ ಕರಾಮಿಹೋವಾ

ತಾ.ಕ.: ಪತ್ರ ಅಂಚೆಗೆ ಹೋಗುವ ಮೊದಲೇ ನೋವು ಬಂತು. ನೆವೆನಾಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಹೊರಟೆವು. ಸೇತುವೆ ಮುಟ್ಟುವ ಮುಂಚೆಯೇ ಮೊಮ್ಮಗಳು ಹುಟ್ಟಿದಳು. ದೇವರು ದೊಡ್ಡವನು, ಇಬ್ಬರೂ ಸೌಖ್ಯ. ಕೂಸು ಹುಟ್ಟಿದ ಸಂತೋಷಕ್ಕೆ ಬಾಣಂತಿಯ ಮನೆಯಲ್ಲಿ ಹೆಂಗಸರು ಸೇರಿ ಮುರಿಯುವ ಜೇನುರೊಟ್ಟಿಗೆ ಗಂಡಸರನ್ನು ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಕೂಸು ತಮ್ಮ ರಸ್ತೆಯ ಮೇಲೆಯೇ ಹುಟ್ಟಿದ್ದರಿಂದ ತಾವು ಮನೆಯವರೇ ಆದಿರಿ. ತಪ್ಪದೆ ಬನ್ನಿ. ಟ್ರ್ಯಾಕ್ಟರ್ ಕಳುಹಿಸುವುದಿಲ್ಲ, ತಮ್ಮ ಕಾರಿನಲ್ಲೇ ಬನ್ನಿ.