ಕರೆಂಟ್ ಉಳಿಸುವ ನನ್ನ ಬೋರ್ಡುಗಳು

ಕರೆಂಟ್ ಉಳಿಸಲು ಹೊರಟವನಿಗೆ ಮಾನ ಉಳಿಸಿಕೊಳ್ಳೋದು ಎಷ್ಟು ಕಷ್ಟ ಅಂತ ನನಗೆ ಆಗಾಗ ಗೊತ್ತಾಗುತ್ತಲೇ ಇರುತ್ತದೆ. ಮೊಬೈಲು ಆಗತಾನೆ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಎಲ್‌ಇಡಿ ಅಕ್ಷರದ ಬೋರ್ಡು ಮಾಡಿಕೊಡುತ್ತಿದ್ದೆ. ಕರೆಂಟ್ ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ, ಎಲ್ಲವೂ ಬ್ಯಾಟರಿ ಮೇಲೇ ನಡೆಯಬೇಕು. ಆ ಬ್ಯಾಟರಿ ದಿನವಿಡೀ ಬರುವಂತೆ ಸರ್ಕ್ಯೂಟಿನಲ್ಲಿ ಏನಾದರೊಂದು ಉಪಾಯ ಮಾಡುವುದೇ ನನ್ನ ಹುಚ್ಚು.

೧. ಊಟ ಎಲ್ಲೋಯ್ತು?

ಊಟಿ ರಸ್ತೆಯ ಹೋಟೆಲಿಗೆ ‘ಊಟ ರೆಡಿ’ ಬೋರ್ಡು ಹಾಕಿದೆ. ಎಲ್ಲ ಸಾಲೂ ಒಟ್ಟಿಗೆ ಉರಿದರೆ ಬ್ಯಾಟರಿ ಬೇಗ ಇಳಿಯುತ್ತದೆಂದು, ಒಂದಾದ ಮೇಲೊಂದು ಸಾಲು ಸರಸರನೆ ಉರಿದು ಆರುವಂತೆ ಮಾಡಿದ್ದೆ. ಕಣ್ಣಿಗೆ ಪೂರ್ತಿ ಅಕ್ಷರವೇ ಕಾಣುತ್ತದೆ.

ಮರುವಾರ ಮಾಲೀಕರು ಹೋಟೆಲಿನ ಫೋಟೋ ಹಿಡಿದು ಬಂದರು. ಬೋರ್ಡಿನ ಜಾಗದಲ್ಲಿ ಬರೀ ಎರಡು ಗೆರೆ!

“ಇಲ್ನೋಡ್ಲಾ, ಊಟ ಎಲ್ಲೋಯ್ತು?”

“ಅಣ್ಣ, ಒಂದು ಗಳಿಗೇಲಿ ಉರಿಯೋದೇ ಅಷ್ಟು. ನಮ್ಮ ಕಣ್ಣಿಗೆ ಮೋಸ. ಕ್ಯಾಮೆರಾ ಕಂಡುಹಿಡ್ದುಬುಟ್ಟದೆ.”

“ಸಾಂಬಾರಿಗೆ ನೀರು ಸುರಿಯೋ ಮೋಸ ಒಂದೇ ಸಾಕು ಕಣ್ಲಾ ನಮ್ಗೆ. ಬೋರ್ಡಲ್ಲೂ ಯಾಕ್ಲಾ?”

೨. ಆರಿದ ನಂಬರು

ಚಾಮರಾಜನಗರದ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಟೋಕನ್ ನಂಬರ್ ತೋರಿಸುವ ಬೋರ್ಡು. ಒಂದು ನಿಮಿಷ ಡಾಕ್ಟರು ಮುಂದಿನ ನಂಬರಿನ ಗುಂಡಿ ಒತ್ತದಿದ್ದರೆ ತಾನೇ ಆರಿಹೋಗುತ್ತಿತ್ತು. ಮೊದಲ ದಿನವೇ ಡಾಕ್ಟರು ಒಬ್ಬರನ್ನು ಸ್ವಲ್ಪ ಹೊತ್ತು ಪರೀಕ್ಷೆ ಮಾಡಿದ್ದಾರೆ, ನಂಬರು ಆರಿದೆ. “ಡಾಕ್ಟ್ರು ಎದ್ದೋದ್ರು ಕಣ್ರೋ!” ಎಂದು ಯಾರೋ ಅಂದದ್ದೇ ತಡ, ಎಲ್ಲರೂ ಎದ್ದು ಎದುರಿನ ಕ್ಲಿನಿಕ್ಕಿಗೆ ನುಗ್ಗಿದರು. ಡಾಕ್ಟರು ಹೊರಗೆ ಬಂದು ನೋಡಿದರೆ ಒಬ್ಬ ಅಜ್ಜಿ ಮಾತ್ರ ಕೂತಿದ್ದಾರೆ.

“ನೀವ್ಯಾಕಮ್ಮ ಹೋಗ್ಲಿಲ್ಲ?”

“ನಂಗೆ ನಂಬರ್ ಓದಕ್ಕೆ ಬರಲ್ಲ ಕಣಪ್ಪ.”

೩. ಸ್ವಾಗತ

ಕಲ್ಯಾಣ ಮಂಟಪದ ಬಾಗಿಲಿಗೆ ‘ಸ್ವಾಗತ’ ಬೋರ್ಡು. ಮುಂದೆ ಯಾರಾದರೂ ಓಡಾಡಿದರೆ ಮಾತ್ರ ಉರಿಯುವಂತೆ ಸೆನ್ಸರ್ ಇಟ್ಟಿದ್ದೆ. ಹಂಗಳ ಊರಿನ ಕಡೆಯಿಂದ ಗಂಡಿನವರು ಬಂದರು. ಮುಂದೆ ಗಂಡಿನ ತಾತ. ಕೋಲೂರಿಕೊಂಡು ಎಷ್ಟು ನಿಧಾನ ಬಂದರೆಂದರೆ, ಸೆನ್ಸರಿಗೆ ಅವರು ಬಂದದ್ದೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವರನ್ನು ದಾಟಿಕೊಂಡು ಒಂದು ಹಸು ಓಡಿತು. ಬೋರ್ಡು ಝಗ್ಗೆಂದಿತು: ‘ಸ್ವಾಗತ’!

ತಾತ ಸಿಡಿದರು. “ಹಸೂಗೆ ಸ್ವಾಗತ, ನಮ್ಗಿಲ್ವಾ? ತಿರುಗಿಸ್ರಲಾ ವ್ಯಾನ!”

ಹೆಣ್ಣಿನ ಅಪ್ಪನ ಮುಖ ಬಿಳಿಚಿಕೊಂಡಿತು. ಬೋರ್ಡು ನೋಡಿಕೊಳ್ಳಲು ಅಲ್ಲೇ ಇದ್ದ ನಾನು ಓಡಿಹೋಗಿ ಅದರ ಮುಂದೆ ನಿಂತು ತಾತನಿಗೆ ಕೈ ಮುಗಿದೆ. ಬೋರ್ಡು ಉರಿಯಿತು, ತಾತ ತಣ್ಣಗಾದರು. ಅಲ್ಲಾಡದೆ ನಿಂತರೆ ಮತ್ತೆ ಆರುತ್ತದಲ್ಲ! ಆ ಭಯಕ್ಕೆ ಮಧ್ಯಾಹ್ನದವರೆಗೂ ಹೋಗುವವರಿಗೆ, ಬರುವವರಿಗೆ, ಕೊನೆಗೆ ಖಾಲಿ ರಸ್ತೆಗೂ ಕೈ ಮುಗಿಯುತ್ತಲೇ ಇದ್ದೆ.

ಊಟ ಮುಗಿಸಿ ಬಂದ ತಾತ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು.

“ಬೀಗರು ಅಂದ್ರೆ ಇಂಗಿರ್ಬೇಕು ಕಣಪ್ಪ. ಅಲ್ಲಿ ಹೆಣ್ಣಿನ ಅಪ್ಪನೇ ಉಣ್ತಾ ಕೂತವ್ನೆ, ನೀವು ದೊಡ್ಡಪ್ಪ ಆಗಿ ಇನ್ನೂ ಬಾಗಿಲಲ್ಲೇ ಇದ್ದೀರಿ. ನಿಮಗೂ ಒಬ್ಬಳು ಮಗಳಿದ್ರೆ ಹೇಳಿ, ನಮ್ಮ ಚಿಕ್ಕ ಮೊಮ್ಮಗನಿಗೆ ಈಗ್ಲೇ ಮಾತಾಡ್ಬುಡನ.”

ಇಪ್ಪತ್ತಾರಕ್ಕೇ ತಲೆಗೂದಲು ಉದುರಿಸಿಕೊಂಡಿದ್ದ ನನಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ.