ಅತ್ತೆ ಕಟ್ಟಿದ ಮಾತಿನ ಕೂಟ

ನಮ್ಮ ಸೋದರತ್ತೆಯ ಮಾತನ್ನು ಅಲ್ಲಗಳೆದರೆ ಜಗಳ ಗ್ಯಾರಂಟಿ. ಒಪ್ಪಿಕೊಂಡಿರೋ, ಇನ್ನೂ ದೊಡ್ಡ ಜಗಳ! "ಇಷ್ಟು ಸಲೀಸಾಗಿ ಒಪ್ಕಂಡ್ಬುಟ್ರೆ ಹೆಂಗ್ಲಾ? ಸ್ವಂತ ಬುದ್ಧಿ ಇಲ್ವಾ ನಿಂಗೆ?" ಎನ್ನುತ್ತಾ ತಾವೇ ಎದುರು ಪಕ್ಷಕ್ಕೆ ಹಾರಿ, ಅಲ್ಲಿಂದ ಬಾಣ ಬಿಡಲು ಶುರುಮಾಡುತ್ತಾರೆ. ನಮ್ಮಪ್ಪ ಈ ತಂಗಿಯ ಮುಂದೆ ತಲೆಯನ್ನು ಉದ್ದಕ್ಕೂ ಅಡ್ಡಕ್ಕೂ ಆಡಿಸುವುದನ್ನೇ ಬಿಟ್ಟು ಬಹಳ ಕಾಲವಾಯಿತು. ನನಗೆ ಆ ಭಾಗ್ಯವೂ ಇಲ್ಲ. ತುರುವೇಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ಗಣಿತದ ಮೇಡಂ, ನಾನು ಕನ್ನಡದ ಮೇಷ್ಟ್ರು. ಮನೆಯಲ್ಲಿ ಅತ್ತೆ, ಸ್ಟಾಫ್ ರೂಮಿನಲ್ಲಿ ಮೇಡಂ. ಬೈಗುಳ ಮಾತ್ರ ಎರಡೂ ಕಡೆ ಒಂದೇ!

ಒಮ್ಮೆ ತಿಪಟೂರಿನಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ನಮ್ಮೂರ ಗೇಟಿನಲ್ಲಿ ಸ್ಟಾಪ್ ಇಲ್ಲ ಎಂದ ಕಂಡಕ್ಟರ್. ಅತ್ತೆ ಬಿಡುತ್ತಾರೆಯೇ? ನ್ಯಾಯ, ಧರ್ಮ, ಹೆಂಗಸರ ಕಷ್ಟ ಎಲ್ಲವನ್ನೂ ಹರಡಿದರು. ಸೋತು ಸುಣ್ಣವಾದ ಅವನು, "ಆಯ್ತು ಕಣಮ್ಮ, ನಿಲ್ಲಿಸ್ತೀನಿ" ಎಂದ. ಅತ್ತೆಯ ಮುಖ ಸಪ್ಪಗಾಯಿತು. "ಅಲ್ಲಪ್ಪಾ, ಎಲ್ರೂ ಹಿಂಗೇ ಕೇಳುದ್ರೆ ಎಕ್ಸ್‌ಪ್ರೆಸ್ ಬಸ್ಸಿನ ಗತಿಯೇನು?" ಎಂದು ಅವನ ಪರವಾಗಿ ವಾದ ಹೂಡಿದರು. ಅದನ್ನು ಮುಗಿಸುವಷ್ಟರಲ್ಲಿ ನಮ್ಮೂರ ಗೇಟು ಹಿಂದೆ ಹೋಗಿಯಾಗಿತ್ತು. ಬಿಸಿಲಲ್ಲಿ ತೆಂಗಿನ ತೋಟಗಳನ್ನು ನೋಡುತ್ತಾ ವಾಪಸ್ ನಡೆದೆವು. ಅತ್ತೆ ಗೆದ್ದವರಂತೆಯೇ ನಡೆದರು!

ಇಂಥವರಿಗೆ ಶಾಲೆಯಲ್ಲಿ ಚರ್ಚಾಕೂಟ ಕಟ್ಟುವ ಹುಚ್ಚು ಹಿಡಿದರೆ ಕೇಳಬೇಕೆ? ಹೆಡ್‌ಮಾಸ್ಟರು ಹೌಹಾರಿದರು.

"ಈಗ್ಲೇ ನಮ್ ಮಕ್ಳು ಒಂದ್ ಅಂದ್ರೆ ಹತ್ತು ಅಂತವೆ. ಅದಕ್ಕೆ ತರಬೇತಿ ಬೇರೆ ಬೇಕಾ ಮೇಡಂ?"

"ಹತ್ತನ್ನೂ ಒಟ್ಟಿಗೇ ಅಂತವೆ ಸಾರ್. ಒಂದಾದ್ಮೇಲೆ ಒಂದು ಅನ್ನೋದು ಕಲಿಸ್ತೀನಿ."

"ಏನಾರ ಮಾಡ್ಕೊಳಿ. ನಾನಂತೂ ಆ ಕಡೆ ತಲೆ ಹಾಕಲ್ಲ" ಎಂದು ಅವರು ಕೈತೊಳೆದುಕೊಂಡರು.

ಶನಿವಾರ ಶಾಲೆ ಬಿಟ್ಟ ಮೇಲೆ ಕೂಟ. ತೀರ್ಪುಗಾರ ಯಾರು? ನಾನೇ, ಪಾಪಿ! ಅತ್ತೆಯ ನಿಯಮ ವಿಚಿತ್ರ. ವಾದ ಕಾವೇರಿದಾಗ ಅವರು "ಪಲ್ಟಿ!" ಎಂದು ಕೂಗುತ್ತಾರೆ. ಕೂಡಲೇ ಪರ ಇದ್ದವರು ವಿರೋಧ ಮಾತಾಡಬೇಕು, ವಿರೋಧ ಇದ್ದವರು ಪರ.

ಮೊದಲ ವಿಷಯ: ಕಾಯನ್ನು ಎಳನೀರಿಗೇ ಕೀಳಿಸಬೇಕೋ, ಕೊಬ್ಬರಿಗೆ ಬಿಡಬೇಕೋ? ನಮ್ಮ ಸೀಮೆಯಲ್ಲಿ ಇದಕ್ಕಿಂತ ಬೆಂಕಿ ವಿಷಯ ಬೇಕೆ! ಮುಂದಿನ ವಾರವೇ ಕೂಟದ ಹುಡುಗ ಮಂಜನ ಅಪ್ಪ ತೋಟದಿಂದ ನೇರ ಕೂಟಕ್ಕೆ ನುಗ್ಗಿದ.

"ಮೇಡಮ್ಮಾರೇ, ನನ್ ಮಗ ಎಲ್ಲಾ ಎಳನೀರೇ ಕೀಳ್ಸು ಅಂತ ಪ್ರಾಣ ತಿಂತಾವ್ನೆ! ಅಟ್ಟದ್ ಮೇಲೆ ಕೊಬ್ರಿ ಇದ್ರೆ ಮನೆಗೊಂದ್ ಧೈರ್ಯ ಕಣ್ರೀ!"

"ಭೇಷ್! ಇನ್ನೂ ಹೇಳಿ" ಎಂದರು ಅತ್ತೆ. ಅವನು ಕೈಯಾಡಿಸಿ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ, "ಪಲ್ಟಿ!"

ಅವನು ಕಕ್ಕಾಬಿಕ್ಕಿಯಾದ. ಮಕ್ಕಳು ಬಿಡಲಿಲ್ಲ. ತಲೆ ಕೆರೆದುಕೊಂಡು ಶುರುಮಾಡಿದ: "ಕೊಬ್ರಿಗೆ ಬುಟ್ರೆ ವರ್ಷಗಟ್ಲೆ ಕಾಯ್ಬೇಕು. ಇಲಿ ಕಾಟ. ಸುಲಿಯೋಕೆ ಆಳು ಸಿಗಕಿಲ್ಲ. ಎಳನೀರಾದ್ರೆ ವ್ಯಾಪಾರದೋರೇ ಬಂದು ಕೆಡವ್ಕಂಡು... ಅಯ್ಯೋ, ನನ್ ಮಗ ಅಂದಿದ್ದೂ ಇದೇ ಅಲ್ವಾ!"

ದೂರು ಹೇಳಲು ಬಂದವನು ಮುಂದಿನ ಶನಿವಾರದ ವಿಷಯ ಕೇಳಿಕೊಂಡು ಹೋದ!

ಟೈಲರ್ ಮಗಳು ನಾಜಿಮಾ ಮಾತ್ರ ಮೊದಮೊದಲು ವೇಲಿನ ಅಂಚು ತಿರುವುತ್ತಾ ನಿಂತಿರುತ್ತಿದ್ದಳು. ಒಂದು ದಿನ ಮೆಲ್ಲಗೆ, "ಮೇಡಂ, ನೀವು ಹೋದ್ವಾರ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆ ಆಗಲ್ಲ" ಎಂದಳು. ಇನ್ನು ಬೈಗುಳದ ಮಳೆಯೇ ಎಂದುಕೊಂಡೆ. ಅತ್ತೆಯೋ, ಸನ್ಮಾನ ಮಾಡಿಸಿಕೊಂಡವರಂತೆ ಅರಳಿ, "ನೋಡ್ದೇನ್ಲಾ! ನನ್ ತಪ್ಪು ಹಿಡುದ್ಲು!" ಎಂದು ನನ್ನ ಬೆನ್ನಿಗೆ ಗುದ್ದಿದರು. ಹಿಡಿದದ್ದು ಅವಳು, ಗುದ್ದು ನನಗೆ!

ಹೀಗಿರುವಾಗ ಅತ್ತೆಯ ದನಿ ಒಡೆಯಿತು. ಕಷಾಯಕ್ಕೂ ಬಗ್ಗಲಿಲ್ಲ. ತುಮಕೂರಿನ ಡಾಕ್ಟರು ಗಂಟಲಲ್ಲಿ ಗಂಟಿದೆ, ಆಪರೇಷನ್ ಆಗಬೇಕು, ಆಮೇಲೆ ಕೆಲವು ವಾರ ಪಿಟಕ್ ಎನ್ನಬಾರದು ಎಂದರು.

"ಯಾಕೆ?" ಎಂದರು ಅತ್ತೆ, ಗೊಗ್ಗರು ದನಿಯಲ್ಲೇ.

ಡಾಕ್ಟರು ನನ್ನತ್ತ ತಿರುಗಿ, "ಇವರ ಬಾಯಿ ಮುಚ್ಚಿಸೋರು ಮನೇಲಿ ಯಾರೂ ಇಲ್ವೇನ್ರೀ?" ಎಂದರು.

"ಇದ್ದಿದ್ರೆ ಇಲ್ಲೀತಂಕ ಯಾಕ್ ಬರ್ತಿದ್ವಿ ಸಾರ್?" ಎಂದೆ.

ನಗಾಡಿದೆನೇನೋ ನಿಜ. ಆದರೆ ದನಿ ಮೊದಲಿನಂತೆ ಬರುವ ಖಾತ್ರಿಯಿಲ್ಲ ಎಂದೂ ಅವರು ಹೇಳಿದ್ದರು. ಆಪರೇಷನ್ ಆಯಿತು. ಅತ್ತೆ ಮೌನವಾದರು. ಸ್ಟಾಫ್ ರೂಮಿನಲ್ಲಿ ಯಾರು ಏನೆಂದರೂ ಅಲ್ಲವೆನ್ನುವವರೇ ಇಲ್ಲ. ಎಂಥಾ ನೆಮ್ಮದಿ! ಎಂಥಾ ಬೇಜಾರು! ಶಾಲೆ ಬಿಟ್ಟ ಕೂಡಲೇ ನಾನು ಮನೆಗೂ ಆಸ್ಪತ್ರೆಗೂ ಓಡುತ್ತಿದ್ದೆ. ಕೂಟ ನಿಂತೇ ಹೋಯಿತೆಂದುಕೊಂಡಿದ್ದೆ.

ಒಂದು ಶನಿವಾರ ರಜೆಯ ಅರ್ಜಿ ಕೊಡಲು ಅತ್ತೆಯನ್ನು ಶಾಲೆಗೆ ಕರೆದುಕೊಂಡು ಹೋದೆ. ಮಕ್ಕಳು ಮನೆಗೆ ಹೋಗಿರುವ ಹೊತ್ತು. ಆದರೂ ಮೂಲೆಯ ಕೋಣೆಯಲ್ಲಿ ಗದ್ದಲ. ಬಾಗಿಲಲ್ಲಿ ನಿಂತು ನೋಡುತ್ತೇವೆ: ತಲೆ ಹಾಕುವುದಿಲ್ಲ ಎಂದಿದ್ದ ಹೆಡ್‌ಮಾಸ್ಟರು ಬೋರ್ಡಿನ ಮುಂದೆ ನಿಂತು, ಹಿರಿಯರಿಗೆ ಎದುರುತ್ತರ ಕೊಡಬಾರದೆಂದು ಬೆವರು ಸುರಿಸಿ ವಾದಿಸುತ್ತಿದ್ದಾರೆ! ಎದುರಿಗೆ ನಾಜಿಮಾ. ಅವಳ ಕೈ ವೇಲಿನ ಮೇಲೆ ಇರಲಿಲ್ಲ.

"ಎದುರು ಮಾತಾಡೋಕೂ ಎದುರಿಗೆ ಒಬ್ರು ಇರಬೇಕು ಸಾರ್" ಎಂದಳು. "ಈಗ ನಮ್ಮ ಮೇಡಂ ಇಲ್ಲ. ನಾವು ಏನ್ ಅಂದ್ರೂ ಯಾರೂ ತಿರುಗಿ ಕೇಳಲ್ಲ. ಹಂಗಿದ್ರೆ ಮಾತಾಡಿದಂಗೇ ಅನ್ಸಲ್ಲ ಸಾರ್."

ಹೆಡ್‌ಮಾಸ್ಟರು ಸೀಮೆಸುಣ್ಣ ಕೆಳಗಿಟ್ಟರು. "ಸೋತೆ ಕಣಮ್ಮ" ಎಂದರು. ಆಗ ನಮ್ಮನ್ನು ಕಂಡು, ಅವಸರದಲ್ಲಿ ಕುರ್ಚಿ ಎಳೆದರು. "ಬನ್ನಿ ಮೇಡಂ. ಮಾತಾಡ್ಬೇಡಿ. ಕೇಳುಸ್ಕೊಳಿ, ಸಾಕು."

ಅತ್ತೆ ಅವರಿಗೆ ಕೈಮುಗಿದರು. ಕುರ್ಚಿಯನ್ನು ದಾಟಿ ಹೋಗಿ, ನಾಜಿಮಾಳ ಪಕ್ಕದ ಬೆಂಚಿನಲ್ಲಿ ಕೂತು, ಅವಳ ಬೆನ್ನ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.