ಮಗ್ಗಲು ಹೊರಳಿಸುವ ಕೆಲಸ

"ನೀವು ಬ್ಯಾಡ್ರಿ. ಅವನ್ನ ಕರೀರಿ."

ನನ್ನ ಹೆಂಡತಿ ನನಗೆ ಹೇಳಿದ ಕಡೆಯ ಮಾತು ಇದು. ಅವನು ಅಂದರೆ ವಾರ್ಡಿನ ನರ್ಸು. ಗಂಡಸು.

ನಾನು ಗೌಂಡಿ. ತೆಲುಗು ಸೀಮೆಯ ಕೊಂಡಾಪುರದಾಗ ಗೋಡೆ ಕಟ್ಟತೀನಿ. ಮೊನ್ನೆ ಕೂಲಿ ಅಡ್ಡಾದಾಗ ಜೊತೆಯವನೊಬ್ಬ ತಲೆ ತಗ್ಗಿಸಿ ಹೇಳಿದ, ಮಗ ನರ್ಸಿಂಗ್ ಓದತೀನಿ ಅಂತಾನ ಅಂತ. ಎಲ್ಲರೂ ನಕ್ಕರು. ಇಂಥ ನಗು ಅಡ್ಡಾದಾಗ ದಿನಾ ಒಂದು ಇರತೈತಿ. ನಗೋದಿದ್ದರೆ ಇದಕ್ಕ ನಗ್ರಿ ಅಂತ ನಾನು ಹೇಳಿದ್ದು ಇಷ್ಟು.

೧. ಪುಂಡಿಪಲ್ಯ

ಹೆಂಡತಿಗೆ ಲಕ್ವಾ ಹೊಡೆದು ಎಡಗಡೆ ಬಿದ್ದುಹೋಗಿತ್ತು. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಬೇಕು. ಇಲ್ಲಂದರೆ ಬೆನ್ನಿಗೆ ಹುಣ್ಣು.

ಮೊದಲನೇ ದಿನ ಆ ನರ್ಸು ಬಂದ. ಈಕೆ ಇದ್ದ ಒಂದು ಕೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಹೆಣ್ಣುಮಗಳನ್ನ ಕಳಿಸು ಅಂತ ಹೇಳಿಸಿದಳು. ಅವನು ಜಹೀರಾಬಾದ್ ಕಡೆಯವ, ಕನ್ನಡ ಬರುತ್ತಿತ್ತು. ಆಯಾ ಒಬ್ಬಳನ್ನ ಜೊತೆಗೆ ನಿಲ್ಲಿಸಿಕೊಂಡ. ಪುಂಡಿಪಲ್ಯಕ್ಕ ಅಕ್ಕಿ ಹಾಕತಾರಲ್ಲ, ಎಷ್ಟು ಹಾಕಬೇಕ್ರಿ ಅಂತ ಕೇಳಿದ. ಅಕ್ಕಿ ಅಂದದ್ದಕ್ಕ ಈಕೆಗೆ ಸಿಟ್ಟು ಬಂತು. ಜೋಳದ ನುಚ್ಚು ಅಂತ ಸೆರಗಿನೊಳಗಿಂದಲೇ ಶುರು ಮಾಡಿದಳು. ನಡುವೆ ಅವನು, ಹೊರಳಿಸ್ಲೇನ್ರಿ ಯವ್ವಾ ಅಂದ. ಹೂಂ ಹೂಂ ಅಂದಳು. ಒಗ್ಗರಣೆಗೆ ಬರೋದರೊಳಗೆ ಮಗ್ಗಲು ಬದಲಾಗಿತ್ತು, ಚಾದರ ಬದಲಾಗಿತ್ತು.

ಆಮೇಲೆ ನನಗೆ ಹೇಳಿದಳು, "ಇನ್ನೂ ಯಾಕ ನಿಂತಾನ? ಮುಟ್ಟಗೊಡೂದಿಲ್ಲ ಅಂತ ಹೇಳ್ರಿ."

೨. ಸಿಮೆಂಟ್ ಚೀಲ

ನಾಲ್ಕು ದಿನ ಕಳೆಯೋದರೊಳಗೆ ಹೊರಳಿಸೋಕೆ ಆಕೆಗೆ ಅವನೇ ಬೇಕಾದ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ. ಮೂವತ್ತು ವರ್ಷ ಆಕೆ ನನಗೆ ಮಾಡಿದಳು. ಒಂದು ಸಲ ನಾನು ಮಾಡಬೇಕು ಅನ್ನಿಸಿತ್ತು.

ಒಂದು ದಿನ ನಾನೇ ಹೊರಳಿಸಿದೆ. ಚೀಲ ಎತ್ತಿದ ಕೈ. ಆಕೆ ಚೀರಿದಳು. ಎದುರಿನ ಮಂಚದ ಮುದುಕಿ ತೆಲುಗಿನಾಗ ಕೇಳಿದಳು, ಇದನ್ನ ಎಷ್ಟನೇ ಮಾಳಿಗೆಗೆ ಏರಿಸಬೇಕಪ್ಪಾ ಅಂತ.

೩. ಮೇಸ್ತ್ರಿ

ನರ್ಸು ನಗಲಿಲ್ಲ. ಕಲಿಸಿದ. ಮೊದಲು ಹೇಳಬೇಕು, ಆಮೇಲೆ ಮುಟ್ಟಬೇಕು. ಒಂದು ಕೈ ಹೆಗಲಿಗೆ, ಒಂದು ಸೊಂಟಕ್ಕೆ. ಎಳೀಬಾರದು, ತರಬೇಕು.

ಯಾರ ಮೇಲೆ ಕಲೀಲಿ? ಮಧ್ಯಾಹ್ನ ಕೆಲಸದ ಜಾಗದಾಗ ಮೇಸ್ತ್ರಿ ಉಂಡು ನೆರಳಿನಾಗ ಮಲಗಿದ್ದ. ಮೆಲ್ಲಗೆ ಹೇಳಿದೆ, ಹೊರಳಿಸಿದೆ. ಏಳಲಿಲ್ಲ. ಆ ಕಡೆಗೂ ಹೊರಳಿಸಿದೆ. ಮೂರನೇ ಸಲಕ್ಕೆ ಒಂದು ಕಣ್ಣು ತೆಗೆದ. ಕೆಲಸ ಹೋಯಿತು ಅಂದುಕೊಂಡೆ.

"ಸೊಂಟ ಭಾಳ ಹಿಡದಿತ್ತೋ," ಅಂದ. "ಇನ್ನೊಂದು ಸಲ ಮಾಡು."

ಸಂಜೆ ಓಡಿಹೋಗಿ ಹೆಂಡತಿಗೆ ಹೇಳಿದೆ, ಈಗ ನನಗೆ ಬರತೈತಿ ಅಂತ. ಆಗ ಆಕೆ ಆ ಮಾತು ಹೇಳಿದ್ದು, ನೀವು ಬ್ಯಾಡ್ರಿ ಅಂತ. ರಾತ್ರಿ ಲಕ್ವಾ ಮತ್ತೊಮ್ಮೆ ಹೊಡೆಯಿತು. ಮಾತು ನಿಂತಿತು. ಇನ್ನು ಬಹಳ ದಿನ ಇಲ್ಲ ಅಂದರು ಡಾಕ್ಟರು.

೪. ಮರುದಿನ ಮುಂಜಾನೆ

ನರ್ಸು ಬಂದ. ಆಕೆ ಕಣ್ಣು ಮುಚ್ಚಿದ್ದಳು. ಅವನು ನನ್ನನ್ನ ನೋಡಿದ. ನೀವು ಹೊರಳಿಸ್ರಿ, ನಾನು ಮಾತಾಡತೀನಿ ಅಂತ ಕಿವಿಯಾಗ ಹೇಳಿ, ಪರದೆ ಎಳೆದು ನನ್ನ ಹಿಂದೆ ನಿಂತ.

"ಯವ್ವಾ, ಹೊರಳಿಸ್ತೀನ್ರಿ," ಅಂದ.

ನಾನು ಒಂದು ಕೈ ಹೆಗಲಿಗೆ ಇಟ್ಟೆ, ಒಂದು ಸೊಂಟಕ್ಕೆ. ಹಗುರಾಗಿ ಬಂದಳು. ನರಳಲಿಲ್ಲ.

ಆಕೆಯ ಬಲಗೈ ಮೆಲ್ಲಗೆ ಬಂದು ನನ್ನ ಕೈ ತಟ್ಟಿತು. ಅವನ ಕೈಯನ್ನ ದಿನಾ ಹಂಗೇ ತಟ್ಟುತ್ತಿದ್ದಳು. ತಟ್ಟಿದ ಕೈ ಅಲ್ಲೇ ನಿಂತಿತು. ನನ್ನ ಬೆರಳು ಒಂದೊಂದೇ ಸವರಿತು. ಸಿಮೆಂಟ್ ತಿಂದು ಬಿರಿದ ಬೆರಳು.

ಆಮೇಲೆ ಚಿವುಟಿದಳು. ಜೋರಾಗಿ.

ಹಿಂದೆ ಅವನು ಬಾಯಿ ಮುಚ್ಚಿಕೊಂಡು ನಕ್ಕ. ನಾನು ಕೈ ತೆಗೀಲಿಲ್ಲ.